ಇಂಗ್ಲೆಂಡಿನಲ್ಲಿ ಮನೆ ಎಕ್ಸ್‌ಟೆನ್ಷನ್: ಪ್ಲಾನಿಂಗ್ ಅರ್ಜಿಯ ದಿನವನ್ನು ಪ್ಯಾರಿಷ್ ಕೌನ್ಸಿಲ್ ಸಭೆಗೆ ಹೊಂದಿಸುವುದು ಹೇಗೆ

ಇಂಗ್ಲೆಂಡಿನಲ್ಲಿ ಮನೆ ಕೊಂಡು ನೆಲೆಸಿದ ಕನ್ನಡಿಗರಿಂದ ಎರಡು ಬಗೆಯ ದೂರು ಮತ್ತೆ ಮತ್ತೆ ಬರುತ್ತವೆ. ಎರಡರಲ್ಲೂ ಬರುವುದು ಪ್ಯಾರಿಷ್ ಕೌನ್ಸಿಲ್, ಅಂದರೆ ಊರಿನ ಮಟ್ಟದ ಸಣ್ಣ ಸ್ಥಳೀಯ ಸಂಸ್ಥೆ. "ಅಡುಗೆಮನೆ ಹಿಗ್ಗಿಸಲು ಅರ್ಜಿ ಹಾಕಿದ್ದೆವು, ಪ್ಯಾರಿಷ್ ಸಭೆಗೆ ಹೋಗಿ ವಿವರಿಸೋಣ ಅಂದುಕೊಂಡಿದ್ದೆವು, ಅಷ್ಟರಲ್ಲಿ ಅವರು ಆಕ್ಷೇಪ ಬರೆದು ಕಳಿಸಿ ಆಗಿತ್ತು" ಎನ್ನುವುದು ಒಂದು. "ಪಕ್ಕದ ಮನೆಯವರ ಅರ್ಜಿಯ ಬಗ್ಗೆ ನಮಗೂ ಹೇಳುವುದಿತ್ತು, ಸಭೆ ಮುಂದಿನ ತಿಂಗಳು ಅಂತ ಕಾದೆವು, ಅಷ್ಟು ಹೊತ್ತಿಗೆ ತೀರ್ಮಾನವೇ ಆಗಿಹೋಯಿತು" ಎನ್ನುವುದು ಇನ್ನೊಂದು.

ಎರಡಕ್ಕೂ ಕಾರಣ ಒಂದೇ. ಎಲ್ಲರೂ ಅರ್ಜಿಯ ತೀರ್ಮಾನಕ್ಕಿರುವ ಎಂಟು ವಾರದ ಗಡುವನ್ನು ನೋಡುತ್ತಾರೆ. ಅದರೊಳಗೆ ಪ್ಯಾರಿಷ್ ಅಭಿಪ್ರಾಯ ಹೇಳಲು 21 ದಿನಗಳ ಇನ್ನೊಂದು ಗಡುವಿದೆ, ಆ 21 ದಿನಗಳೊಳಗೆ ಪ್ಯಾರಿಷ್ ಸಭೆಯ ಅಜೆಂಡಾ ಮುಚ್ಚುವ ದಿನವಿದೆ. ನಿಮ್ಮ ಕೆಲಸವೆಲ್ಲ ಆ ಕೊನೆಯ ದಿನಕ್ಕೆ ಮುಂಚೆ ಮುಗಿಯಬೇಕು. ಈ ಲೇಖನ ಇಂಗ್ಲೆಂಡಿಗೆ ಮಾತ್ರ ಅನ್ವಯಿಸುತ್ತದೆ. ವೇಲ್ಸ್, ಸ್ಕಾಟ್ಲೆಂಡ್, ಉತ್ತರ ಐರ್ಲೆಂಡ್‌ಗಳ ನಿಯಮ ಬೇರೆ.

## ಮೊದಲು ತಿಳಿದಿರಬೇಕಾದದ್ದು: ಅನುಮತಿ ಕೊಡುವವರು ಪ್ಯಾರಿಷ್‌ನವರಲ್ಲ

ಕರ್ನಾಟಕದ ಹಳ್ಳಿಯಲ್ಲಿ ಮನೆ ಕಟ್ಟಿದವರಿಗೆ ಗ್ರಾಮ ಪಂಚಾಯಿತಿಯೇ ಲೈಸೆನ್ಸ್ ಕೊಡುವುದು ಗೊತ್ತು. ಅದೇ ಲೆಕ್ಕದಲ್ಲಿ ಇಲ್ಲಿ ಪ್ಯಾರಿಷ್ ಕೌನ್ಸಿಲ್ ಅಧ್ಯಕ್ಷರನ್ನು ಒಲಿಸಿಕೊಂಡರೆ ಸಾಕು ಎಂದು ಹೊರಡುವವರು ಬಹಳ ಮಂದಿ. ಇಲ್ಲಿ ಪ್ಯಾರಿಷ್‌ಗೆ ಅಭಿಪ್ರಾಯ ಹೇಳುವ ಹಕ್ಕು ಮಾತ್ರ ಇದೆ. ಅನುಮತಿ ಕೊಡುವುದು, ನಿರಾಕರಿಸುವುದು ಡಿಸ್ಟ್ರಿಕ್ಟ್, ಬರೋ ಅಥವಾ ಯೂನಿಟರಿ ಕೌನ್ಸಿಲ್‌ನ ಪ್ಲಾನಿಂಗ್ ವಿಭಾಗ.

ಹಾಗಂತ ಪ್ಯಾರಿಷ್ ಮಾತನ್ನು ಹಗುರಾಗಿ ತೆಗೆದುಕೊಳ್ಳಬೇಡಿ. ಮನೆ ಎಕ್ಸ್‌ಟೆನ್ಷನ್ ಅರ್ಜಿಗಳಲ್ಲಿ ಬಹುಪಾಲು ಅಧಿಕಾರಿಯ ಮಟ್ಟದಲ್ಲೇ ತೀರ್ಮಾನವಾಗುತ್ತವೆ. ಪ್ಯಾರಿಷ್ ಆಕ್ಷೇಪಿಸಿದರೆ ಅಂಥ ಅರ್ಜಿಯನ್ನು ಕೌನ್ಸಿಲರ್‌ಗಳ ಪ್ಲಾನಿಂಗ್ ಕಮಿಟಿಗೆ ಕಳಿಸುವ ನಿಯಮ ಕೆಲವು ಕೌನ್ಸಿಲ್‌ಗಳಲ್ಲಿದೆ. ಕಮಿಟಿಗೆ ಹೋಯಿತೆಂದರೆ ವಾರಗಟ್ಟಲೆ ತಡ.

## ಕೈಯಲ್ಲಿ ಏನೇನು ಇರಬೇಕು

ಅರ್ಜಿ ತುಂಬುವ ಮೊದಲೇ ಇವನ್ನು ಜೋಡಿಸಿಟ್ಟುಕೊಳ್ಳಿ. ಪ್ಯಾರಿಷ್ ವೆಬ್‌ಸೈಟಿನಲ್ಲಿರುವ ವರ್ಷದ ಸಭೆಗಳ ಪಟ್ಟಿ. ಅವರ ಸ್ಟ್ಯಾಂಡಿಂಗ್ ಆರ್ಡರ್ಸ್, ಅಂದರೆ ಸಭೆ ನಡೆಸುವ ನಿಯಮಗಳು. ಪ್ಲಾನಿಂಗ್ ಕೌನ್ಸಿಲ್‌ನ ವ್ಯಾಲಿಡೇಷನ್ ಪಟ್ಟಿ, ಅಂದರೆ ಅರ್ಜಿ ಊರ್ಜಿತ ಎಂದು ಒಪ್ಪಿ ದಾಖಲಿಸಿಕೊಳ್ಳಲು ಬೇಕಾದ ಕಾಗದಗಳ ಪಟ್ಟಿ. ಅವರ ಸ್ಕೀಮ್ ಆಫ್ ಡೆಲಿಗೇಷನ್, ಅಂದರೆ ಯಾವ ಅರ್ಜಿ ಅಧಿಕಾರಿಗೆ, ಯಾವುದು ಕಮಿಟಿಗೆ ಎಂದು ಹೇಳುವ ದಾಖಲೆ. ಲೋಕಲ್ ಪ್ಲಾನ್‌ನಲ್ಲಿ, ಅಂದರೆ ಕೌನ್ಸಿಲ್‌ನ ಕಟ್ಟಡ ನೀತಿಗಳ ದಾಖಲೆಯಲ್ಲಿ, ಮನೆ ವಿಸ್ತರಣೆಯ ನೀತಿ ಇರುವ ಪುಟ. ನಿಮ್ಮ ಊರಿಗೇ ಮಾಡಿಕೊಂಡ ಅಂಥ ದಾಖಲೆ, ಅಂದರೆ ನೇಬರ್‌ಹುಡ್ ಪ್ಲಾನ್, ಇದ್ದರೆ ಅದೂ ಬೇಕು. 2011ರ ಲೋಕಲಿಸಂ ಕಾಯ್ದೆಯಿಂದ ಬಂದ ಈ ಪ್ಲಾನ್‌ಗಳಿಗೆ ಕಾನೂನಿನ ಬಲವಿದೆ, ಪ್ಯಾರಿಷ್‌ನವರು ಮೊದಲು ತೆರೆಯುವುದೂ ಅದನ್ನೇ.

ಇವೆಲ್ಲದರ ಜೊತೆಗೆ ಗೋಡೆಗೆ ನೇತುಹಾಕುವ ಸಾಮಾನ್ಯ ಕ್ಯಾಲೆಂಡರ್ ಒಂದಿರಲಿ. ಫೋನಿನ ಕ್ಯಾಲೆಂಡರ್‌ಗಿಂತ ಇದೇ ವಾಸಿ, ಎರಡು ತಿಂಗಳು ಒಟ್ಟಿಗೆ ಕಣ್ಣಿಗೆ ಕಾಣಬೇಕು.

## ಹಂತ 1: ನಿಮ್ಮ ವಿಳಾಸಕ್ಕೆ ಪ್ಯಾರಿಷ್ ಇದೆಯೇ, ಈ ಅರ್ಜಿ ಅವರಿಗೆ ಹೋಗುತ್ತದೆಯೇ

ಇಂಗ್ಲೆಂಡಿನ ಎಲ್ಲ ಕಡೆ ಪ್ಯಾರಿಷ್ ಇಲ್ಲ. ಲಂಡನ್ ನಗರದೊಳಗೆ ಹೆಚ್ಚುಕಡಿಮೆ ಇಲ್ಲವೇ ಇಲ್ಲ. ವೆಸ್ಟ್‌ಮಿನ್‌ಸ್ಟರ್‌ನ ಕ್ವೀನ್ಸ್ ಪಾರ್ಕ್‌ನಲ್ಲಿ 2014ರಲ್ಲಿ ಬಂದದ್ದು ಅಪರೂಪದ ಉದಾಹರಣೆ. ಮಿಲ್ಟನ್ ಕೀನ್ಸ್‌ನಲ್ಲಾದರೆ ಪ್ರತಿ ಬಡಾವಣೆಯೂ ಯಾವುದೋ ಒಂದು ಪ್ಯಾರಿಷ್‌ಗೆ ಸೇರಿದೆ. ಹೊಸ ಬಡಾವಣೆಯಲ್ಲಿರುವವರು "ನಮ್ಮದು ಹಳ್ಳಿಯಲ್ಲ, ನಮಗೆಲ್ಲಿಯ ಪ್ಯಾರಿಷ್" ಎಂದು ತಪ್ಪು ತಿಳಿಯುವುದುಂಟು. ಟೌನ್ ಕೌನ್ಸಿಲ್, ಕಮ್ಯುನಿಟಿ ಕೌನ್ಸಿಲ್ ಎಂಬ ಹೆಸರಿದ್ದರೂ ಇಂಗ್ಲೆಂಡಿನಲ್ಲಿ ಅವೂ ಪ್ಯಾರಿಷ್‌ಗಳೇ. ಕೌನ್ಸಿಲ್ ಟ್ಯಾಕ್ಸ್ ಬಿಲ್ ತೆಗೆದು ನೋಡಿ. ಪ್ಯಾರಿಷ್ ತೆರಿಗೆ ವಿಧಿಸುತ್ತಿದ್ದರೆ ಅದರ ಹೆಸರಿನಲ್ಲಿ ಒಂದು ಪ್ರತ್ಯೇಕ ಸಾಲು ಇರುತ್ತದೆ.

ಎರಡನೆಯದಾಗಿ ಅರ್ಜಿ ಯಾವ ಬಗೆಯದು ನೋಡಿ. ಪೂರ್ಣ ಪ್ಲಾನಿಂಗ್ ಅರ್ಜಿ, ಹೌಸ್‌ಹೋಲ್ಡರ್ ಅರ್ಜಿ (ಇರುವ ಮನೆಯನ್ನು ಹಿಗ್ಗಿಸಲು ಹಾಕುವುದು) ಪ್ಯಾರಿಷ್‌ಗೆ ಹೋಗುತ್ತವೆ. ಒಂದಂತಸ್ತಿನ ದೊಡ್ಡ ಹಿಂಬದಿ ಎಕ್ಸ್‌ಟೆನ್ಷನ್‌ಗೆ ಪೂರ್ಣ ಅರ್ಜಿಯ ಬದಲು ಪ್ರಯರ್ ಅಪ್ರೂವಲ್ ಎಂಬ ಸರಳ ದಾರಿಯಿದೆ: ಡಿಟ್ಯಾಚ್ಡ್ ಮನೆಗೆ 8 ಮೀಟರ್, ಉಳಿದ ಮನೆಗಳಿಗೆ 6 ಮೀಟರ್‌ವರೆಗೆ. ಇದರಲ್ಲಿ ಒಟ್ಟು ಅವಧಿ 42 ದಿನ, ಅಕ್ಕಪಕ್ಕದ ಮನೆಯವರನ್ನು ಕೇಳುತ್ತಾರೆ, ಪ್ಯಾರಿಷ್ ಅನ್ನು ಕೇಳಬೇಕೆಂಬ ಕಡ್ಡಾಯವಿಲ್ಲ. ಕಟ್ಟಡ ಕಾನೂನುಬದ್ಧ ಎಂದು ದೃಢಪಡಿಸುವ ಲಾಫುಲ್ ಡೆವಲಪ್‌ಮೆಂಟ್ ಸರ್ಟಿಫಿಕೇಟ್‌ಗೂ ಆ ಕಡ್ಡಾಯವಿಲ್ಲ, ಅಲ್ಲಿರುವುದು ಕಾನೂನಿನ ಪ್ರಶ್ನೆ ಮಾತ್ರ. ಈ ಎರಡು ಅರ್ಜಿ ಹಾಕಿದವರು ಪ್ಯಾರಿಷ್ ಸಭೆಗೆ ಕಾಯುತ್ತ ಕೂರಬೇಕಾಗಿಲ್ಲ.

## ಹಂತ 2: ಸಭೆಯ ದಿನದಿಂದ ಹಿಂದಕ್ಕೆ ಎಣಿಸಿ

ಹೆಚ್ಚಿನವರು ಎಡವುವುದು ಇಲ್ಲೇ, ಆದ್ದರಿಂದ ಸ್ವಲ್ಪ ನಿಧಾನವಾಗಿ ಓದಿ.

ಅರ್ಜಿ ಊರ್ಜಿತವಾದ ದಿನದಿಂದ ತೀರ್ಮಾನಕ್ಕೆ ಎಂಟು ವಾರ. ಹತ್ತು ಅಥವಾ ಹೆಚ್ಚು ಮನೆಗಳ ದೊಡ್ಡ ಯೋಜನೆಗೆ 13 ವಾರ, ಪರಿಸರ ಪರಿಣಾಮದ ವರದಿ ಬೇಕಾದರೆ 16 ವಾರ. ಪ್ಯಾರಿಷ್‌ಗಾದರೋ ಅರ್ಜಿಯ ಸೂಚನೆ ಸಿಕ್ಕಿದ ಮೇಲೆ 21 ದಿನ. 2015ರ ಡೆವಲಪ್‌ಮೆಂಟ್ ಮ್ಯಾನೇಜ್‌ಮೆಂಟ್ ಪ್ರೊಸೀಜರ್ ಆದೇಶದ 25ನೇ ವಿಧಿ ಇದನ್ನು ಹೇಳುತ್ತದೆ. ಪ್ಯಾರಿಷ್ ಅಭಿಪ್ರಾಯ ಕಳಿಸಬೇಕು, ಇಲ್ಲವೇ ಹೇಳುವುದೇನಿಲ್ಲ ಎಂದು ತಿಳಿಸಬೇಕು, ಇಲ್ಲವೇ 21 ದಿನ ಕಳೆಯಬೇಕು. ಇವುಗಳಲ್ಲಿ ಯಾವುದು ಮೊದಲೋ ಅಲ್ಲಿಯವರೆಗೆ ಕೌನ್ಸಿಲ್ ತೀರ್ಮಾನ ಕೊಡುವಂತಿಲ್ಲ. 21 ದಿನ ದಾಟಿತೋ, ಪ್ಯಾರಿಷ್‌ಗೆ ಕಾಯುವ ಬಾಧ್ಯತೆ ಯಾರಿಗೂ ಇಲ್ಲ.

ಇನ್ನು ಪ್ಯಾರಿಷ್ ಸಭೆ. ಸಣ್ಣ ಪ್ಯಾರಿಷ್‌ಗಳು ತಿಂಗಳಿಗೊಮ್ಮೆ ಸೇರುತ್ತವೆ, ಆಗಸ್ಟ್‌ನಲ್ಲಿ ಸೇರದಿರುವವೂ ಇವೆ. ಸಭೆಯ ಸೂಚನೆಯನ್ನು ಮೂರು ಪೂರ್ಣ ದಿನ ಮುಂಚೆ ಹಾಕಬೇಕು ಎನ್ನುತ್ತದೆ 1972ರ ಲೋಕಲ್ ಗವರ್ನಮೆಂಟ್ ಕಾಯ್ದೆ. ಪೂರ್ಣ ದಿನ ಎಂದರೆ ಸೂಚನೆ ಹಾಕಿದ ದಿನ ಸೇರದು, ಸಭೆಯ ದಿನ ಸೇರದು, ಭಾನುವಾರ ಮತ್ತು ಬ್ಯಾಂಕ್ ಹಾಲಿಡೇ ಸೇರವು. ಗುರುವಾರ ಸಭೆಯಿದ್ದರೆ ಹಿಂದಿನ ಶುಕ್ರವಾರವೇ ಅಜೆಂಡಾ ಹೊರಬೀಳುತ್ತದೆ ಎಂದು ಇಟ್ಟುಕೊಳ್ಳಿ. ಅಜೆಂಡಾದಲ್ಲಿ ಇಲ್ಲದ ವಿಷಯದ ಮೇಲೆ ಅವರು ತೀರ್ಮಾನ ಮಾಡುವಂತಿಲ್ಲ, ಎಷ್ಟೇ ಬೇಡಿಕೊಂಡರೂ.

ಒಂದು ಲೆಕ್ಕ ಹಾಕಿ ನೋಡೋಣ. ನಿಮ್ಮ ಪ್ಯಾರಿಷ್ ಪ್ರತಿ ತಿಂಗಳ ಎರಡನೇ ಮಂಗಳವಾರ ಸೇರುತ್ತದೆ ಎನ್ನಿ. 2026ರಲ್ಲಿ ಅದು ಸೆಪ್ಟೆಂಬರ್ 8 ಮತ್ತು ಅಕ್ಟೋಬರ್ 13. ನಿಮ್ಮ ಅರ್ಜಿಯ ಸೂಚನೆ ಅವರಿಗೆ ಸೆಪ್ಟೆಂಬರ್ 11ರ ಶುಕ್ರವಾರ ತಲುಪಿತು. 21 ದಿನ ಅಕ್ಟೋಬರ್ 2ಕ್ಕೆ ಮುಗಿಯುತ್ತದೆ. ಹಿಂದಿನ ಸಭೆ ಆಗಿಹೋಗಿದೆ, ಮುಂದಿನದು ಗಡುವು ದಾಟಿದ ಮೇಲೆ. ಎರಡು ಸಭೆಗಳ ನಡುವೆ ನಿಮ್ಮ ಅರ್ಜಿ ಬಿದ್ದುಹೋಯಿತು. ಈಗ ಪ್ಯಾರಿಷ್ ಮೌನವಾಗಿರಬಹುದು, ಗಡುವು ವಿಸ್ತರಿಸಿ ಎಂದು ಕೇಳಬಹುದು, ಅಥವಾ ಅಧಿಕಾರ ಪಡೆದ ಕ್ಲರ್ಕ್ ನಾಲ್ಕು ಸಾಲು ಬರೆದು ಕಳಿಸಬಹುದು. ಯಾವುದರಲ್ಲೂ ನಿಮಗೆ ಮಾತಾಡಲು ಜಾಗವಿಲ್ಲ.

ಅದೇ ಸೂಚನೆ ಸೆಪ್ಟೆಂಬರ್ 28ರ ಸೋಮವಾರ ತಲುಪಿದ್ದರೆ? ಗಡುವು ಅಕ್ಟೋಬರ್ 19. ಸಭೆ 13ಕ್ಕೆ, ಅಜೆಂಡಾ 7ರ ಸುಮಾರಿಗೆ. ಎಲ್ಲವೂ ಗಡುವಿನೊಳಗೆ ಬಂತು. ವ್ಯಾಲಿಡೇಷನ್‌ಗೆ ಒಂದೆರಡು ವಾರ ಹಿಡಿಯಬಹುದು ಎಂದಿಟ್ಟುಕೊಂಡರೆ ನೀವು ಅರ್ಜಿ ಹಾಕಬೇಕಾದದ್ದು ಸೆಪ್ಟೆಂಬರ್ ನಡುವಿನಲ್ಲಿ. ಸೆಪ್ಟೆಂಬರ್ 25ಕ್ಕೆ ಊರ್ಜಿತವಾದರೆ ಎಂಟು ವಾರ ನವೆಂಬರ್ 20ಕ್ಕೆ ಮುಗಿಯುತ್ತದೆ.

ಆದ್ದರಿಂದ ಕ್ಯಾಲೆಂಡರಿನಲ್ಲಿ ಮೊದಲು ಸಭೆಯ ದಿನಕ್ಕೆ ಗುರುತು ಹಾಕಿ. ಅಲ್ಲಿಂದ ಹಿಂದಕ್ಕೆ ಬಂದು ಅಜೆಂಡಾ ದಿನ, ಅದಕ್ಕೂ ಹಿಂದೆ ಸೂಚನೆ ತಲುಪಬೇಕಾದ ದಿನಗಳು, ಕೊನೆಗೆ ಅರ್ಜಿ ಹಾಕುವ ದಿನ. ಬಿಲ್ಡರ್ ಹೇಳಿದ ದಿನದಿಂದ ಮುಂದಕ್ಕೆ ಎಣಿಸುತ್ತ ಹೋದರೆ ಸಭೆ ಸಿಗುವುದು ಅದೃಷ್ಟದ ಮಾತಾಗುತ್ತದೆ.

ದೊಡ್ಡ ಟೌನ್ ಕೌನ್ಸಿಲ್‌ಗಳಲ್ಲಿ ಪ್ರತ್ಯೇಕ ಪ್ಲಾನಿಂಗ್ ಕಮಿಟಿ ಇದ್ದು ಎರಡು ಮೂರು ವಾರಕ್ಕೊಮ್ಮೆ ಸೇರುವುದುಂಟು. ಅಲ್ಲಿ ಈ ಲೆಕ್ಕ ಸಡಿಲವಾಗುತ್ತದೆ. ಹಾಗೆಯೇ ಡಿಸೆಂಬರ್ ನಡುವಿನಲ್ಲಿ ಸೂಚನೆ ಹೋಗುವಂತೆ ಅರ್ಜಿ ಹಾಕಬೇಡಿ. ಕಚೇರಿ ಮುಚ್ಚಿರುತ್ತದೆ, ರಜೆಗಳಿಂದ ಗಡುವಿನ ಲೆಕ್ಕವೂ ಬದಲಾಗುತ್ತದೆ, ಎಲ್ಲರಿಗೂ ಗೊಂದಲ.

## ಹಂತ 3: ಅರ್ಜಿ ಮೊದಲ ಸಲವೇ ಊರ್ಜಿತವಾಗಲಿ

ಹಂತ 2ರ ಲೆಕ್ಕವೆಲ್ಲ ನಿಂತಿರುವುದು ಅರ್ಜಿ ವಾಪಸು ಬರದಿರುವುದರ ಮೇಲೆ. ಒಂದು ಕಾಗದ ಕಮ್ಮಿ ಎಂದು ಹತ್ತು ದಿನ ತಡವಾದರೆ ಸಭೆ ತಪ್ಪುತ್ತದೆ.

ಹೆಚ್ಚಾಗಿ ಬಿಟ್ಟುಹೋಗುವುದು ಲೊಕೇಷನ್ ಪ್ಲಾನ್‌ನ ಕೆಂಪು ಗೆರೆ. 1:1250 ಅಥವಾ 1:2500 ಅಳತೆಯ, ಲೈಸೆನ್ಸ್ ಇರುವ ನಕ್ಷೆಯ ಮೇಲೆ ನಿಮ್ಮ ಜಾಗದ ಸುತ್ತ ಕೆಂಪು ಗೆರೆ ಎಳೆದಿರಬೇಕು, ಉತ್ತರ ದಿಕ್ಕು ತೋರಿಸಿರಬೇಕು. ಜಾಗದಿಂದ ಸಾರ್ವಜನಿಕ ರಸ್ತೆಗೆ ತಲುಪುವ ದಾರಿಯೂ ಆ ಗೆರೆಯೊಳಗೇ ಬರಬೇಕು. ಪಕ್ಕದಲ್ಲಿ ನಿಮ್ಮದೇ ಬೇರೆ ಜಮೀನಿದ್ದರೆ ಅದಕ್ಕೆ ನೀಲಿ ಗೆರೆ. ಗೂಗಲ್ ಮ್ಯಾಪ್ಸ್‌ನ ಸ್ಕ್ರೀನ್‌ಶಾಟ್ ನಡೆಯುವುದಿಲ್ಲ.

ಎರಡನೆಯದು ಮಾಲೀಕತ್ವದ ಸರ್ಟಿಫಿಕೇಟ್. ಜಾಗ ಪೂರ್ತಿ ನಿಮ್ಮದಾದರೆ ಸರ್ಟಿಫಿಕೇಟ್ ಎ. ನಿಮ್ಮ ಸೂರಿನ ಅಂಚು ಅಥವಾ ಅಡಿಪಾಯ ಪಕ್ಕದವರ ಬೇಲಿ ದಾಟಿ ಒಂದು ಗೇಣು ಚಾಚಿದರೂ ಅವರಿಗೆ ನೋಟಿಸ್ ಕೊಟ್ಟು ಸರ್ಟಿಫಿಕೇಟ್ ಬಿ ಹಾಕಬೇಕು. ಆರ್ಕಿಟೆಕ್ಟ್ ನಕ್ಷೆಯಲ್ಲಿ ಗಟರ್ ಎಲ್ಲಿಗೆ ಮುಗಿಯುತ್ತದೆ ಎಂದು ನೀವೇ ಕಣ್ಣಿಟ್ಟು ನೋಡಿ. ಸರ್ಟಿಫಿಕೇಟ್ ತಪ್ಪಿದ್ದು ಆಮೇಲೆ ಗೊತ್ತಾದರೆ ಅರ್ಜಿಯೇ ಮೊದಲಿನಿಂದ ಶುರುವಾಗಬಹುದು.

2025ರ ಏಪ್ರಿಲ್ 1ರಿಂದ ಒಂದು ಮನೆಯ ಎಕ್ಸ್‌ಟೆನ್ಷನ್ ಅರ್ಜಿಯ ಶುಲ್ಕ 258 ಪೌಂಡ್‌ನಿಂದ 528 ಪೌಂಡ್‌ಗೆ ಏರಿತು. ಹಿಂತೆಗೆದ ಅಥವಾ ನಿರಾಕರಣೆಯಾದ ಅರ್ಜಿಯನ್ನು ಒಂದು ಸಲ ಪುಕ್ಕಟೆಯಾಗಿ ಮತ್ತೆ ಹಾಕುವ ಸೌಲಭ್ಯ 2023ರ ಡಿಸೆಂಬರ್‌ನಲ್ಲೇ ನಿಂತಿದೆ. ಹಾಗಾಗಿ "ಹಾಕಿ ನೋಡೋಣ, ಆಮೇಲೆ ತಿದ್ದೋಣ" ಎನ್ನುವ ಸಲಹೆಗೆ ಕಿವಿಗೊಡಬೇಡಿ.

## ಹಂತ 4: ಕ್ಲರ್ಕ್‌ಗೆ ಒಂದು ಇಮೇಲ್

ಪ್ಯಾರಿಷ್‌ನಲ್ಲಿ ನಿಮಗೆ ಬೇಕಾದ ವ್ಯಕ್ತಿ ಅಧ್ಯಕ್ಷರಲ್ಲ, ಕ್ಲರ್ಕ್. 1972ರ ಅದೇ ಕಾಯ್ದೆಯ ಪ್ರಕಾರ ಪ್ಯಾರಿಷ್ ಕೌನ್ಸಿಲ್ ತನ್ನ ಅಧಿಕಾರವನ್ನು ಕಮಿಟಿಗೆ, ಸಬ್‌ಕಮಿಟಿಗೆ ಅಥವಾ ಅಧಿಕಾರಿಗೆ ವಹಿಸಬಹುದು. ಒಬ್ಬ ಕೌನ್ಸಿಲರ್‌ಗೆ, ಅವರು ಅಧ್ಯಕ್ಷರೇ ಆಗಿದ್ದರೂ, ವಹಿಸುವಂತಿಲ್ಲ. ಸೂಚನೆ ಬರುವುದು, ಅಜೆಂಡಾ ಬರೆಯುವುದು, ಉತ್ತರ ಕಳಿಸುವುದು ಎಲ್ಲ ಕ್ಲರ್ಕ್ ಕೈಯಲ್ಲಿ. ಅನೇಕ ಕಡೆ ಅವರು ವಾರಕ್ಕೆ ಕೆಲವೇ ಗಂಟೆ ಕೆಲಸ ಮಾಡುವವರು, ಅದನ್ನು ಮನಸ್ಸಿನಲ್ಲಿಟ್ಟು ಬರೆಯಿರಿ.

ಅರ್ಜಿ ಹಾಕುವ ಮೊದಲು ಮೂರು ಪ್ರಶ್ನೆ ಕೇಳಿ: ಮುಂದಿನ ಎರಡು ಸಭೆ ಯಾವಾಗ, ಅಜೆಂಡಾಕ್ಕೆ ವಿಷಯ ಯಾವ ದಿನದೊಳಗೆ ಬರಬೇಕು, ಸಭೆಗಳ ನಡುವೆ ಬರುವ ಅರ್ಜಿಗಳಿಗೆ ಯಾರು ಉತ್ತರಿಸುತ್ತಾರೆ. ಮೂರನೆಯ ಉತ್ತರ ಬಹಳ ಮುಖ್ಯ. "ಕ್ಲರ್ಕ್‌ಗೆ ಅಧಿಕಾರ ಕೊಟ್ಟಿದ್ದೇವೆ" ಎಂದರೆ ಸಭೆಗೆ ಕಾಯದೆ ಉತ್ತರ ಹೋಗಬಹುದು, ನಿಮ್ಮ ವಿವರಣೆ ಮೊದಲ ವಾರವೇ ಅವರ ಕೈಯಲ್ಲಿರಬೇಕು.

ಅರ್ಜಿ ಊರ್ಜಿತವಾದ ದಿನ ಎರಡನೇ ಇಮೇಲ್: ಅರ್ಜಿ ಸಂಖ್ಯೆ, ವಿಳಾಸ, ಒಂದು ಸಾಲಿನ ವಿವರಣೆ, ಒಂದು ಪುಟದ ಟಿಪ್ಪಣಿ. ಟಿಪ್ಪಣಿಯಲ್ಲಿ ಎತ್ತರ, ಬೇಲಿಯಿಂದ ದೂರ, ಕಿಟಕಿಗಳು ಯಾವ ಕಡೆ, ಕಾರು ಎಲ್ಲಿ ನಿಲ್ಲುತ್ತದೆ ಎಂಬುದಿರಲಿ. ಊರಿಂದ ಅಪ್ಪ ಅಮ್ಮ ಬಂದು ಇರುತ್ತಾರೆ ಎನ್ನುವುದು ನಿಮಗೆ ದೊಡ್ಡ ಕಾರಣ, ಬರೆಯಿರಿ. ಆದರೆ ಅದೊಂದನ್ನೇ ನಂಬಬೇಡಿ. ಅನುಮತಿ ಕಟ್ಟಡಕ್ಕೆ ಸಿಗುತ್ತದೆ, ನಾಳೆ ನೀವು ಮಾರಿದರೂ ಅದು ಅಲ್ಲೇ ನಿಲ್ಲುತ್ತದೆ, ಆದ್ದರಿಂದ ಸಾಮಾನ್ಯವಾಗಿ ಮನೆಯವರ ಪರಿಸ್ಥಿತಿಗಿಂತ ಗೋಡೆಯ ಎತ್ತರಕ್ಕೆ ಹೆಚ್ಚು ತೂಕ.

## ಹಂತ 5: ಸಭೆಯ ಸಂಜೆ

ಸಭೆ ಎಲ್ಲರಿಗೂ ತೆರೆದಿರುತ್ತದೆ. ಹೋಗಿ ಕೂರುವುದು ಹಕ್ಕು, ಮಾತಾಡುವುದು ಅವರ ಸ್ಟ್ಯಾಂಡಿಂಗ್ ಆರ್ಡರ್ಸ್ ಕೊಟ್ಟ ಅವಕಾಶ. ಸಾಮಾನ್ಯವಾಗಿ ಸಭೆಯ ಶುರುವಿನಲ್ಲಿ ಸಾರ್ವಜನಿಕರಿಗೆ ಕೆಲವು ನಿಮಿಷ ಇಡುತ್ತಾರೆ, ತಲೆಗೆ ಮೂರು ನಿಮಿಷ ಎನ್ನುವುದು ಬಹಳ ಕಡೆಯ ರೂಢಿ. ಹೆಸರು ಮುಂಚೆಯೇ ಬರೆಸಬೇಕೋ ಎಂದು ಕ್ಲರ್ಕ್‌ರನ್ನು ಕೇಳಿಕೊಳ್ಳಿ. ತಡವಾಗಿ ಹೋದರೆ ಆ ಅವಧಿ ಮುಗಿದಿರುತ್ತದೆ, ನಿಮ್ಮ ಅರ್ಜಿ ಚರ್ಚೆಗೆ ಬಂದಾಗ ಸುಮ್ಮನೆ ಕೂರಬೇಕಾಗುತ್ತದೆ.

ಅಜೆಂಡಾದಲ್ಲಿ ನಿಮ್ಮದು ಒಂದೇ ಸಾಲು: ಸಂಖ್ಯೆ, ವಿಳಾಸ, "ಒಂದಂತಸ್ತಿನ ಹಿಂಬದಿ ವಿಸ್ತರಣೆ", ಉತ್ತರದ ಗಡುವು. ಆ ಗಡುವನ್ನು ನಿಮ್ಮ ಕ್ಯಾಲೆಂಡರಿಗೆ ಹೋಲಿಸಿ. ಕೆಳಗೆ ಅಂಥದೇ ಇನ್ನೂ ಹತ್ತು ಅರ್ಜಿಗಳಿರಬಹುದು, ಒಂದೊಂದಕ್ಕೆ ಐದು ನಿಮಿಷವೂ ಸಿಗದು. ಮನೆಯ ಕಥೆ ಬಿಟ್ಟು ನೇರ ವಿಷಯಕ್ಕೆ ಬನ್ನಿ. ಪಕ್ಕದವರ ಜೊತೆ ಮಾತಾಡಿ ನಕ್ಷೆಯಲ್ಲಿ ಏನಾದರೂ ಬದಲಿಸಿದ್ದರೆ ಅದನ್ನು ಮೊದಲು ಹೇಳಿ, ಕೌನ್ಸಿಲರ್‌ಗಳ ಕಿವಿ ನೆಟ್ಟಗಾಗುವುದು ಅಲ್ಲಿ.

ಸಭೆಗೆ ಮುಂಚೆ ಕೌನ್ಸಿಲರ್‌ಗಳ ಬಳಿ "ಬೆಂಬಲ ಕೊಡ್ತೀರಾ" ಎಂದು ಮಾತು ತೆಗೆದುಕೊಳ್ಳಲು ಹೋಗಬೇಡಿ. ಚರ್ಚೆ ಕೇಳುವ ಮೊದಲೇ ಮನಸ್ಸು ಗಟ್ಟಿ ಮಾಡಿಕೊಂಡವರು ಎಂಬ ಆರೋಪ ಅವರ ಮೇಲೆ ಬರುತ್ತದೆ, ನಷ್ಟ ನಿಮಗೇ.

## ಹಂತ 6: ಅರ್ಜಿ ಪಕ್ಕದ ಮನೆಯವರದ್ದಾದರೆ

ನಿಮಗೆ ಪತ್ರ ಬರಬಹುದು, ಅಥವಾ ದೀಪದ ಕಂಬಕ್ಕೆ ಕಟ್ಟಿದ ನೋಟಿಸ್ ಕಣ್ಣಿಗೆ ಬೀಳಬಹುದು. ಅಲ್ಲಿಂದಲೂ 21 ದಿನ. ಇದು ಪ್ಯಾರಿಷ್‌ನ 21 ದಿನಗಳ ಜೊತೆಗೇ ಶುರುವಾಗಬೇಕೆಂದಿಲ್ಲ, ಕಂಬದ ನೋಟಿಸ್ ಒಂದು ವಾರ ತಡವಾಗಿ ಬಂದಿರಬಹುದು. ಎರಡು ಗಡುವುಗಳನ್ನೂ ಬೇರೆ ಬೇರೆ ಬರೆದಿಟ್ಟುಕೊಳ್ಳಿ.

ಇಲ್ಲಿ ಕಾಣುವ ದೊಡ್ಡ ತಪ್ಪು ಎಂದರೆ ಪ್ಯಾರಿಷ್‌ಗೆ ಮಾತ್ರ ಬರೆದು ಕೌನ್ಸಿಲ್‌ಗೆ ಬರೆಯದೆ ಇರುವುದು. ಪ್ಯಾರಿಷ್‌ಗೆ ಕಳಿಸಿದ ಪತ್ರ ತಾನಾಗಿಯೇ ಪ್ಲಾನಿಂಗ್ ಕಡತಕ್ಕೆ ಸೇರುವುದಿಲ್ಲ. ಮೊದಲು ಕೌನ್ಸಿಲ್ ವೆಬ್‌ಸೈಟಿನಲ್ಲಿ ನಿಮ್ಮ ಹೆಸರಲ್ಲಿ ಹಾಕಿ, ಅದರ ಪ್ರತಿಯನ್ನು ಕ್ಲರ್ಕ್‌ಗೆ ಕಳಿಸಿ. ನಿಮ್ಮ ಹೆಸರು ವಿಳಾಸ ಸಾರ್ವಜನಿಕವಾಗಿ ಕಾಣುತ್ತವೆ ಎಂಬ ಅರಿವಿರಲಿ.

ಬರೆಯುವುದು ಏನನ್ನು? ಬೆಳಕು ಕಡಿಮೆಯಾಗುವುದು, ಕಿಟಕಿಯಿಂದ ನಿಮ್ಮ ಕೋಣೆಯೊಳಗೆ ನೇರ ನೋಟ ಬೀಳುವುದು, ಪಾರ್ಕಿಂಗ್, ರಸ್ತೆ ಸುರಕ್ಷತೆ, ನೀರು ನಿಲ್ಲುವುದು, ಸುತ್ತಲ ಮನೆಗಳಿಗೆ ಹೊಂದದ ಗಾತ್ರ. ಇವಕ್ಕೆ ತೂಕವಿದೆ. ನಿಮ್ಮ ಮನೆಯ ಬೆಲೆ ಬೀಳುತ್ತದೆ, ಗುಡ್ಡ ಕಾಣುವುದಿಲ್ಲ, ಬೇಲಿಯ ಜಗಳ ಇತ್ಯರ್ಥವಾಗಿಲ್ಲ, ಅವರು ಸರಿಯಾದ ಜನರಲ್ಲ: ಇವಕ್ಕೆ ಇಲ್ಲ. ನೂರು ಜನ ಒಂದೇ ಪತ್ರಕ್ಕೆ ಸಹಿ ಹಾಕುವುದಕ್ಕಿಂತ ಲೋಕಲ್ ಪ್ಲಾನ್‌ನ ನೀತಿ ಸಂಖ್ಯೆ ಹಿಡಿದು ಬರೆದ ಒಂದು ಪತ್ರ ಹೆಚ್ಚು ಕೆಲಸ ಮಾಡುತ್ತದೆ.

ಅರ್ಜಿ ಪ್ಲಾನಿಂಗ್ ಕಮಿಟಿಯ ಮುಂದೆ ಬರಲೇಬೇಕು ಎನಿಸಿದರೆ ಪ್ಲಾನಿಂಗ್ ಕೌನ್ಸಿಲ್‌ನಲ್ಲಿರುವ ನಿಮ್ಮ ವಾರ್ಡ್ ಕೌನ್ಸಿಲರ್‌ಗೆ ಬರೆಯಿರಿ. ಅರ್ಜಿಯನ್ನು ಕಮಿಟಿಗೆ ತರುವಂತೆ ಅವರು ಕೇಳಲು ಅನೇಕ ಕೌನ್ಸಿಲ್‌ಗಳಲ್ಲಿ ಅವಕಾಶವಿದೆ, ಅದಕ್ಕೂ ಗಡುವಿದೆ. ಮೊದಲ ವಾರವೇ ಬರೆಯುವುದು ಕ್ಷೇಮ.

## ಹಂತ 7: ನಡುವೆ ನಕ್ಷೆ ಬದಲಾದರೆ

ನಿಮ್ಮ ಅರ್ಜಿ ನೋಡಿಕೊಳ್ಳುವ ಕೌನ್ಸಿಲ್ ಅಧಿಕಾರಿ, ಅಂದರೆ ಕೇಸ್ ಆಫೀಸರ್, ಹೇಳಿದ್ದಕ್ಕೆ ನಕ್ಷೆ ತಿದ್ದಿ ಕೊಟ್ಟಾಗ ಮತ್ತೆ ಎಲ್ಲರನ್ನೂ ಕೇಳಬೇಕೋ ಬೇಡವೋ ಎನ್ನುವುದು ಕೌನ್ಸಿಲ್‌ನ ವಿವೇಚನೆ. ಕೇಳಿದರೂ 21 ದಿನ ಕೊಡಬೇಕೆಂದಿಲ್ಲ, ಕಡಿಮೆ ದಿನ ಕೊಡಬಹುದು. ಪ್ಯಾರಿಷ್ ಮೊದಲು ಆಕ್ಷೇಪಿಸಿದ್ದರೆ, ಆ ಆಕ್ಷೇಪಕ್ಕೆ ಉತ್ತರವಾಗಿಯೇ ನೀವು ತಿದ್ದಿದ್ದರೆ, ಹೊಸ ನಕ್ಷೆಯನ್ನು ಅದೇ ದಿನ ಕ್ಲರ್ಕ್‌ಗೂ ಕಳಿಸಿ. ಅವರು ಆಕ್ಷೇಪ ಹಿಂತೆಗೆಯದಿದ್ದರೆ ಹಳೆಯ ನಕ್ಷೆಯ ಮೇಲಿನ ಮಾತೇ ಕಡತದಲ್ಲಿ ಉಳಿಯುತ್ತದೆ.

ಇಂಥ ಹೊತ್ತಿನಲ್ಲಿ ಆಫೀಸರ್ ತೀರ್ಮಾನದ ಗಡುವು ವಿಸ್ತರಿಸಲು ಒಪ್ಪಿಗೆ ಕೇಳುವುದು ಸಾಮಾನ್ಯ. ಕಾರಣವೂ ಹೊಸ ದಿನಾಂಕವೂ ಬರವಣಿಗೆಯಲ್ಲಿದ್ದರೆ ಒಪ್ಪಿ. ಬರೀ "ಕೆಲಸ ಜಾಸ್ತಿ" ಎಂದರೆ ಎಷ್ಟು ದಿನ, ಏನು ಬಾಕಿ ಎಂದು ಕೇಳಿ. ಒಪ್ಪದೆ ಹಟ ಹಿಡಿದರೆ ಇದ್ದ ನಕ್ಷೆಯ ಮೇಲೆ ನಿರಾಕರಣೆ ಬರಬಹುದು.

## ಎಚ್ಚರಿಕೆಯ ಗುರುತುಗಳು

ಹಣ ಕಟ್ಟಿ ಎರಡು ವಾರವಾದರೂ ಅರ್ಜಿ ಕೌನ್ಸಿಲ್ ವೆಬ್‌ಸೈಟಿನಲ್ಲಿ ಕಾಣದಿದ್ದರೆ ಅದು ವ್ಯಾಲಿಡೇಷನ್‌ನಲ್ಲೇ ಸಿಕ್ಕಿಕೊಂಡಿದೆ. ಫೋನ್ ಮಾಡಿ, ನಿಮ್ಮ ಏಜೆಂಟ್‌ಗೆ ಬಂದ ಇಮೇಲ್‌ಗಳನ್ನು ಕೇಳಿ ಪಡೆಯಿರಿ. "ಈ ಕಾಗದ ಕಮ್ಮಿ" ಎಂಬ ಪತ್ರ ಅವರ ಇನ್‌ಬಾಕ್ಸ್‌ನಲ್ಲಿ ಮಲಗಿರುವುದು ಅಪರೂಪವಲ್ಲ.

ಕೌನ್ಸಿಲ್ ಯಾರ ಯಾರ ಅಭಿಪ್ರಾಯ ಕೇಳಿದೆ ಎಂಬ ಪಟ್ಟಿ ಅರ್ಜಿಯ ಪುಟದಲ್ಲಿ ಇರುತ್ತದೆ. ಅದರಲ್ಲಿ ನಿಮ್ಮ ಪ್ಯಾರಿಷ್ ಹೆಸರಿಲ್ಲ, ಅಥವಾ ಪಕ್ಕದ ಪ್ಯಾರಿಷ್ ಹೆಸರಿದೆ ಎಂದರೆ ತಕ್ಷಣ ಕೇಸ್ ಆಫೀಸರ್‌ಗೆ ತಿಳಿಸಿ. ಗಡಿಯ ರಸ್ತೆಗಳಲ್ಲಿರುವವರು ಇದನ್ನು ವಿಶೇಷವಾಗಿ ನೋಡಿಕೊಳ್ಳಬೇಕು.

ಸಭೆ ರದ್ದಾಯಿತು, ಕೋರಂ ಆಗಲಿಲ್ಲ ಎಂಬ ಸುದ್ದಿ ಬಂದರೆ ಅದೇ ದಿನ ಕ್ಲರ್ಕ್‌ರನ್ನು ಕೇಳಿ: ಗಡುವು ವಿಸ್ತರಣೆ ಕೋರಿದ್ದೀರಾ? ಕೋರಿದರೆ ಸಾಮಾನ್ಯವಾಗಿ ಕೆಲವು ದಿನ ಸಿಗುತ್ತದೆ, ಆದರೆ ಕೊಡಲೇಬೇಕೆಂದಿಲ್ಲ. ತೀರ್ಮಾನ ಹೊರಬೀಳುವ ಮೊದಲು ಬಂದ ತಡವಾದ ಪತ್ರವನ್ನು ಓದುವ ಆಫೀಸರ್‌ಗಳಿದ್ದಾರೆ, ಅದಕ್ಕಾಗಿ ಕಾಯುವವರಿಲ್ಲ.

## ತೀರ್ಮಾನ ಬಂದ ಮೇಲೆ

ನಿರಾಕರಣೆಯಾದರೆ ಹೌಸ್‌ಹೋಲ್ಡರ್ ಅರ್ಜಿಗೆ ಮೇಲ್ಮನವಿಯ ಗಡುವು 12 ವಾರ. ಈ ಮೇಲ್ಮನವಿಯಲ್ಲಿ ಪ್ಯಾರಿಷ್ ಆಗಲಿ ನೆರೆಯವರಾಗಲಿ ಹೊಸದಾಗಿ ಬರೆಯುವಂತಿಲ್ಲ. ಮೊದಲ ಸುತ್ತಿನಲ್ಲಿ ಬರೆದದ್ದೇ ಮೇಲ್ಮನವಿ ತೀರ್ಮಾನಿಸುವ ಇನ್‌ಸ್ಪೆಕ್ಟರ್ ಕೈಗೆ ಹೋಗುತ್ತದೆ. ಆ 21 ದಿನಗಳಿಗೆ ಇಷ್ಟು ಬೆಲೆ ಇರುವುದು ಇದಕ್ಕೇ.

ಅನುಮತಿ ಸಿಕ್ಕರೆ ನೆರೆಯವರಿಗೆ ಅದರ ವಿರುದ್ಧ ಮೇಲ್ಮನವಿಯ ಹಕ್ಕಿಲ್ಲ. ಆರು ವಾರದೊಳಗೆ ಹೈಕೋರ್ಟಿನಲ್ಲಿ ಜುಡಿಷಿಯಲ್ ರಿವ್ಯೂ ಕೇಳಬಹುದು, ಅಲ್ಲಿ ನೋಡುವುದು ಪ್ರಕ್ರಿಯೆ ಕಾನೂನುಬದ್ಧವೇ ಎಂದು ಮಾತ್ರ. ಖರ್ಚು ಬಹಳ.

ಅನುಮತಿ ಪಡೆದವರು ಪತ್ರದಲ್ಲಿರುವ ಷರತ್ತುಗಳನ್ನು ಒಂದೊಂದಾಗಿ ಓದಿ. "ಕೆಲಸ ಶುರುವಾಗುವ ಮೊದಲು" ಎಂದು ಆರಂಭವಾಗುವ ಷರತ್ತಿದ್ದರೆ ಅದಕ್ಕೆ ಪ್ರತ್ಯೇಕ ಅರ್ಜಿ, ಪ್ರತ್ಯೇಕ ಶುಲ್ಕ, ಪ್ರತ್ಯೇಕ ವಾರಗಳು. ಬಿಲ್ಡಿಂಗ್ ರೆಗ್ಯುಲೇಷನ್ಸ್ (ಕಟ್ಟುವ ಗುಣಮಟ್ಟದ ನಿಯಮಗಳು) ಒಪ್ಪಿಗೆ ಮತ್ತು ನೆರೆಯವರೊಂದಿಗೆ ಹಂಚಿಕೊಂಡ ಗೋಡೆಗೆ ಸಂಬಂಧಿಸಿದ 1996ರ ಪಾರ್ಟಿ ವಾಲ್ ಕಾಯ್ದೆಯ ನೋಟಿಸ್ ಇದಕ್ಕೆ ಸಂಬಂಧವಿಲ್ಲದ ಬೇರೆ ಕೆಲಸಗಳು. ಕೆಲಸ ಶುರುಮಾಡಲು ಸಾಮಾನ್ಯವಾಗಿ ಮೂರು ವರ್ಷ ಕಾಲಾವಕಾಶ ಇರುತ್ತದೆ. ಬಿಲ್ಡರ್‌ಗೆ ಮುಂಗಡ ಕೊಡುವುದು ಪ್ಲಾನಿಂಗ್, ಬಿಲ್ಡಿಂಗ್ ರೆಗ್ಯುಲೇಷನ್ಸ್, ಪಾರ್ಟಿ ವಾಲ್ ಈ ಮೂರರ ಕಾಗದವೂ ಕೈಗೆ ಬಂದ ಮೇಲೆ.